ಓದುಗರ ಪ್ರಶ್ನೆ, ತಜ್ಞರ ಉತ್ತರ: ಲಸಿಕೆ ಹಾಕಿಸಿದ ಕುದುರೆಗೂ ಜ್ವರ ಬರುವುದೇಕೆ?

ಮಳೆಗಾಲ ಮುಗಿದು ಕಡಲತೀರಗಳಲ್ಲಿ ಪ್ರವಾಸಿಗರ ಓಡಾಟ ಶುರುವಾಗುತ್ತಿದ್ದಂತೆ ಕಾರವಾರದಿಂದ ಭಟ್ಕಳದವರೆಗೆ ಕುದುರೆ ಸಾಕಿದವರಿಂದ ಪತ್ರಗಳು ಬಂದಿವೆ. ಘಟ್ಟದ ಮೇಲಿನ ಶಿರಸಿ, ಯಲ್ಲಾಪುರದ ಓದುಗರೂ ಬರೆದಿದ್ದಾರೆ. ಹೆಚ್ಚಿನ ಪ್ರಶ್ನೆಗಳು ಕುದುರೆ ಫ್ಲೂ ಮತ್ತು ಅದರ ಲಸಿಕೆಯ ಬಗ್ಗೆ ಇರುವುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮುರ್ಡೇಶ್ವರದ ಕಡಲತೀರದಲ್ಲಿ ಸವಾರಿಗೆ ಬಿಡುವ ನಾಲ್ಕು ಕುದುರೆಗಳು ನಮ್ಮಲ್ಲಿವೆ. ಹೋದ ವರ್ಷ ಅಕ್ಟೋಬರಿನಲ್ಲಿ ನಾಲ್ಕಕ್ಕೂ ಫ್ಲೂ ಲಸಿಕೆ ಹಾಕಿಸಿದ್ದೆವು. ಈ ಸಲ ಹೊರಗಿನಿಂದ ಇನ್ನೊಂದು ಕುದುರೆ ತಂದೆವು. ಐದನೇ ದಿನಕ್ಕೆ ನಮ್ಮ ಎರಡು ಕುದುರೆಗಳಿಗೆ ಜ್ವರ, ಒಣಕೆಮ್ಮು. ಲಸಿಕೆಯೇ ಕಳಪೆಯಾಗಿತ್ತೇ?
(ಮುರ್ಡೇಶ್ವರ)

ಉತ್ತರ: ಅಕ್ಟೋಬರಿನಲ್ಲಿ ಹಾಕಿಸಿದ್ದು ಎಷ್ಟನೇ ಡೋಸ್ ಎಂಬುದನ್ನು ಮೊದಲು ನೋಡಿ. ನಿಮ್ಮ ಪತ್ರದಲ್ಲಿ ಒಂದೇ ಸಲದ ಮಾತಿದೆ. ಅದೇ ಮೊದಲ ಡೋಸ್ ಆಗಿದ್ದು, ಆಮೇಲೆ ಎರಡನೆಯದು ಬೀಳದೇ ಹೋಗಿದ್ದರೆ ಆ ಕುದುರೆಗಳನ್ನು ಲಸಿಕೆ ಆದವು ಎಂದು ಲೆಕ್ಕಕ್ಕೆ ಹಿಡಿಯುವಂತೆಯೇ ಇಲ್ಲ. ಮೊದಲ ಡೋಸ್‌ನಿಂದ ಹುಟ್ಟುವ ಪ್ರತಿಕಾಯ (ರೋಗಾಣುವನ್ನು ಹಿಡಿಯಲು ದೇಹ ಮಾಡಿಕೊಳ್ಳುವ ಪ್ರೋಟೀನ್) ಕಡಿಮೆ, ಅದೂ ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ. ವರ್ಷದ ಹೊತ್ತಿಗೆ ರಕ್ತದಲ್ಲಿ ಹೇಳಿಕೊಳ್ಳುವಷ್ಟು ಏನೂ ಉಳಿದಿರುವುದಿಲ್ಲ.

ಎರಡು ಮೂರು ಡೋಸ್ ಸರಿಯಾಗಿ ಆಗಿದ್ದರೂ ಜ್ವರ ಬರಬಹುದೇ ಎಂದರೆ, ಬರಬಹುದು. ಅದಕ್ಕೆ ಕಾರಣ ಈ ಲಸಿಕೆ ಕೆಲಸ ಮಾಡುವ ರೀತಿಯಲ್ಲಿದೆ. ಫ್ಲೂ ವೈರಸ್ಸಿನ ಮೈತುಂಬ ಹಿಮಾಗ್ಲುಟಿನಿನ್ ಎಂಬ ಪ್ರೋಟೀನಿನ ಮುಳ್ಳುಗಳಿರುತ್ತವೆ. ಉತ್ತರಣೆ ಬೀಜ ಪಂಚೆಗೆ ಹತ್ತಿಕೊಳ್ಳುವ ಹಾಗೆ ಈ ಮುಳ್ಳಿನಿಂದಲೇ ವೈರಸ್ ಮೂಗು ಮತ್ತು ಶ್ವಾಸನಾಳದ ಒಳಪದರದ ಜೀವಕೋಶಗಳಿಗೆ ಅಂಟಿಕೊಳ್ಳುತ್ತದೆ. ಲಸಿಕೆ ಹಾಕಿದ ಕುದುರೆಯಲ್ಲಿ ಹುಟ್ಟುವ ಪ್ರತಿಕಾಯಗಳು ಈ ಮುಳ್ಳುಗಳನ್ನು ಮುಚ್ಚಿಬಿಡುತ್ತವೆ, ಆಗ ವೈರಸ್ಸಿಗೆ ಅಂಟಿಕೊಳ್ಳಲು ಬರುವುದಿಲ್ಲ. ಆದರೆ ಕುತ್ತಿಗೆಯ ಸ್ನಾಯುವಿಗೆ ಚುಚ್ಚಿದ ನಿಷ್ಕ್ರಿಯ (ಸತ್ತ ವೈರಸ್ಸಿನ) ಲಸಿಕೆಯಿಂದ ಪ್ರತಿಕಾಯ ಹೆಚ್ಚಾಗಿ ತಯಾರಾಗುವುದು ರಕ್ತದಲ್ಲಿ, ವೈರಸ್ ಬಂದು ಕೂರುವುದು ಮೂಗಿನಲ್ಲಿ. ಮೂಗಿನ ಲೋಳೆಯಲ್ಲಿ ಕಾವಲಿರುವ ಐಜಿಎ ಎಂಬ ಪ್ರತಿಕಾಯ ನಿಜವಾದ ಸೋಂಕು ಬಂದುಹೋದ ಮೇಲೆ ಚೆನ್ನಾಗಿ ಹುಟ್ಟುತ್ತದೆ, ಸೂಜಿಯ ಲಸಿಕೆಯಿಂದ ಅಷ್ಟಾಗಿ ಹುಟ್ಟುವುದಿಲ್ಲ. ರಕ್ತದ ಪ್ರತಿಕಾಯ ಮೂಗಿನ ಪದರಕ್ಕೆ ಒಸರಿ ಬರಬೇಕು. ರಕ್ತದಲ್ಲಿ ಅದು ತುಂಬ ಇದ್ದಾಗ ಮಾತ್ರ ಮೂಗಿಗೆ ಸಾಕಷ್ಟು ಬರುತ್ತದೆ.

ಪ್ರಯೋಗಾಲಯಗಳು ಇದಕ್ಕೊಂದು ಅಳತೆ ಇಟ್ಟುಕೊಂಡಿವೆ. ಕೆಂಪು ರಕ್ತಕಣ ಮತ್ತು ವೈರಸ್ ಬೆರೆಸಿದ ಜೆಲ್ಲಿಯಲ್ಲಿ ಸಣ್ಣ ಗುಳಿ ಮಾಡಿ ಕುದುರೆಯ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಹಾಕುತ್ತಾರೆ. ಪ್ರತಿಕಾಯ ಹರಡಿದಷ್ಟು ಜಾಗದಲ್ಲಿ ರಕ್ತಕಣ ಒಡೆದು ತಿಳಿಯಾದ ವೃತ್ತ ಕಾಣುತ್ತದೆ. ವೃತ್ತದ ವಿಸ್ತೀರ್ಣ 85 ಚದರ ಮಿಲಿಮೀಟರ್ ದಾಟಿದರೆ ಕುದುರೆಗೆ ಸೋಂಕು ತಗಲಿದರೂ ರೋಗ ಜೋರಾಗುವುದಿಲ್ಲ. ಸೋಂಕೇ ತಗಲದ ಹಾಗೆ, ಮೂಗಿನಿಂದ ವೈರಸ್ ಹೊರಬೀಳದ ಹಾಗೆ ತಡೆಯಬೇಕೆಂದರೆ ಸುಮಾರು 150 ಬೇಕು. ಈ ಎರಡರ ನಡುವಿನ ಕುದುರೆಗಳಿಂದಲೇ ತೊಂದರೆ ಹೆಚ್ಚು. ಅವು ಗೆಲುವಾಗಿಯೇ ಇರುತ್ತವೆ, ಹೊರೆ ಹೊರುತ್ತವೆ, ಆದರೂ ವೈರಸ್ ಹಂಚುತ್ತಿರುತ್ತವೆ. ನೀವು ಹೊರಗಿನಿಂದ ತಂದ ಕುದುರೆ ಇಂಥದ್ದಾಗಿರುವ ಸಾಧ್ಯತೆ ಇದೆ.

ಈ ಅಂಕಿಗಳು ಹೊಂದುವುದು ಲಸಿಕೆಯಲ್ಲಿರುವ ವೈರಸ್ಸೂ ಊರಿಗೆ ಬಂದ ವೈರಸ್ಸೂ ಒಂದೇ ತಳಿಯಾಗಿದ್ದಾಗ. ತಳಿ ಬದಲಾದರೆ ಮುಳ್ಳಿನ ಆಕಾರವೂ ಸ್ವಲ್ಪ ಬದಲಾಗುತ್ತದೆ, ಹಳೆಯ ಪ್ರತಿಕಾಯ ಸರಿಯಾಗಿ ಕೂರುವುದಿಲ್ಲ. ನಮ್ಮ ದೇಶದಲ್ಲೇ ಇದರ ಅನುಭವವಿದೆ. 1987ರಲ್ಲಿ ಬಂದ ಫ್ಲೂ ವೈರಸ್ಸನ್ನು, ಅಂದರೆ ಲೂಧಿಯಾನದಲ್ಲಿ ಸಿಕ್ಕ ತಳಿಯನ್ನು ಹಿಡಿದು ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಲಸಿಕೆ ಮಾಡಿತ್ತು. 2008ರ ಜೂನ್‌ನಲ್ಲಿ ಜಮ್ಮುವಿನ ಕಟ್ರಾದಲ್ಲಿ, ವೈಷ್ಣೋದೇವಿ ಯಾತ್ರಿಕರನ್ನು ಹೊರುವ ಕುದುರೆ ಮತ್ತು ಹೇಸರಗತ್ತೆಗಳಲ್ಲಿ ರೋಗ ಮತ್ತೆ ಕಾಣಿಸಿ ಹಲವು ರಾಜ್ಯಗಳಿಗೆ ಹರಡಿತು. ಆ ವರ್ಷ ನಮ್ಮ ಮೈಸೂರಿನ ಕುದುರೆಗಳಿಂದಲೂ ವೈರಸ್ ಬೇರ್ಪಡಿಸಲಾಗಿತ್ತು. ಅದು H3N8 ಬಗೆಯ ಫ್ಲೋರಿಡಾ ಶಾಖೆಯ ಎರಡನೇ ಕವಲು, 1987ರ ತಳಿಗಿಂತ ಬೇರೆ. ಹಾಗಾಗಿ ಲಸಿಕೆಗೆ ಕಟ್ರಾದ ವೈರಸ್ಸನ್ನು ತೆಗೆದುಕೊಳ್ಳಬೇಕಾಯಿತು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ತಜ್ಞರು 2010ರಿಂದ ಫ್ಲೋರಿಡಾ ಶಾಖೆಯ ಎರಡೂ ಕವಲುಗಳು ಲಸಿಕೆಯಲ್ಲಿರಲಿ ಎನ್ನುತ್ತಿದ್ದಾರೆ. 1956ರಲ್ಲಿ ಪ್ರಾಗ್‌ನಲ್ಲಿ ಮೊದಲು ಸಿಕ್ಕ H7N7 ಎಂಬ ಇನ್ನೊಂದು ಬಗೆಯ ಕುದುರೆ ಫ್ಲೂ ದಶಕಗಳಿಂದ ಎಲ್ಲೂ ಕಂಡಿಲ್ಲ, ಅದು ಈಗ ಲಸಿಕೆಯಲ್ಲಿ ಬೇಡ. ಆದ್ದರಿಂದ ಮುಂದಿನ ಸಲ ಲಸಿಕೆ ತರಿಸುವಾಗ ಡಬ್ಬಿಯ ಮೇಲೆ ತಳಿಗಳ ಹೆಸರನ್ನು ಓದಿಸಿಕೊಳ್ಳಿ. ದರ ವಿಚಾರಿಸುವ ಮೊದಲೇ ಇದನ್ನು ವಿಚಾರಿಸಬೇಕು.

2019ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ಆರು ದಿನ ಕುದುರೆ ರೇಸು ನಿಲ್ಲಿಸಬೇಕಾಯಿತು. ಅಲ್ಲಿ ಸೋಂಕು ತಗಲಿದವುಗಳಲ್ಲಿ ಲಸಿಕೆ ಆದ ರೇಸ್ ಕುದುರೆಗಳೂ ಇದ್ದವು. ಅವುಗಳ ರೋಗ ಸೌಮ್ಯವಾಗಿತ್ತು. ಲಸಿಕೆ ಆಗಿದ್ದೂ ಜ್ವರ ಬಂತು ಎಂದು ಲಸಿಕೆಯನ್ನೇ ಬಿಟ್ಟುಬಿಡುವವರು ಇದನ್ನು ಗಮನಿಸಬೇಕು. ಲಸಿಕೆ ಇಲ್ಲದ ಕುದುರೆಗೆ ಜ್ವರ 41 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ, ಮೇವು ಬಿಡುತ್ತದೆ, ಮೇಲಿಂದ ಬ್ಯಾಕ್ಟೀರಿಯಾ ಸೇರಿ ನ್ಯುಮೋನಿಯಾ ಆಗುತ್ತದೆ.

ಈಗ ಮಾಡಬೇಕಾದ್ದು. ಕೆಮ್ಮುವ ಎರಡನ್ನೂ ಹೊಸ ಕುದುರೆಯನ್ನೂ ಇಂದೇ ಬೇರೆ ಕಡೆ ಕಟ್ಟಿ, ಗಾಳಿ ಬೀಸುವ ದಿಕ್ಕು ನೋಡಿಕೊಂಡು. ಆರೋಗ್ಯವಾಗಿರುವವಕ್ಕೆ ಮೊದಲು ನೀರು ಮೇವು ಕೊಟ್ಟು, ರೋಗದವುಗಳ ಬಳಿ ಕೊನೆಗೆ ಹೋಗಿ. ಬಕೆಟ್, ಲಗಾಮು, ಮೈ ಉಜ್ಜುವ ಬ್ರಷ್ಷು ಬೇರೆ ಬೇರೆ ಇರಲಿ. ಎಲ್ಲ ಕುದುರೆಗಳ ಗುದದ ತಾಪಮಾನವನ್ನು ಬೆಳಿಗ್ಗೆ, ಬಿಸಿಲಿಗೆ ಬಿಡುವ ಮೊದಲು, ನೋಡಿ ಬರೆದಿಡಿ. 37.5ರಿಂದ 38.5 ಸಹಜ. 38.5 ದಾಟಿದ ಕುದುರೆ ಕೆಮ್ಮದಿದ್ದರೂ ರೋಗದ ಗುಂಪಿಗೆ ಸೇರಲಿ. ಸೋಂಕು ತಗಲಿ ಒಂದರಿಂದ ಮೂರು ದಿನಕ್ಕೆ ಜ್ವರ ಕಾಣುತ್ತದೆ, ವೈರಸ್ ಬೀಳುವುದು ಏಳರಿಂದ ಹತ್ತು ದಿನ. ಮೂಗಿನ ದ್ರವದ ಮಾದರಿಯನ್ನು ಜ್ವರ ಕಂಡ ಎರಡು ದಿನದೊಳಗೆ ಪಶುವೈದ್ಯರಿಂದ ತೆಗೆಸಿದರೆ ವೈರಸ್ ಸಿಗುವ ಸಾಧ್ಯತೆ ಹೆಚ್ಚು. ಅದು ತಪ್ಪಿದರೆ ಇಂದು ಒಂದು ರಕ್ತ, ಎರಡು ಮೂರು ವಾರ ಬಿಟ್ಟು ಇನ್ನೊಂದು. ಎರಡನೆಯದರಲ್ಲಿ ಪ್ರತಿಕಾಯ ನಾಲ್ಕು ಪಟ್ಟು ಏರಿದ್ದರೆ ಫ್ಲೂ ಎಂದು ಖಚಿತ.

ಜ್ವರ ಇಳಿದ ಕೂಡಲೇ ಸವಾರಿಗೆ ಬಿಡಬೇಡಿ. ಶ್ವಾಸನಾಳದ ಸುಟ್ಟುಹೋದಂತಾದ ಒಳಪದರ ಮತ್ತೆ ಬೆಳೆಯಲು ಸುಮಾರು ಮೂರು ವಾರ ಬೇಕು. ಜ್ವರ ಇದ್ದ ಪ್ರತಿ ದಿನಕ್ಕೆ ಒಂದು ವಾರ ವಿಶ್ರಾಂತಿ, ಒಟ್ಟು ಮೂರು ವಾರಕ್ಕೆ ಕಡಿಮೆ ಇಲ್ಲದಂತೆ. ಮೆತ್ತನೆಯ ಮರಳಿನಲ್ಲಿ ಆಳನ್ನು ಹೊತ್ತು ನಡೆಯುವುದು ಗಟ್ಟಿ ನೆಲದ ನಡಿಗೆಗಿಂತ ಬಹಳ ಶ್ರಮದ್ದು. ಸೀಸನ್ನಿನಲ್ಲಿ ಇದು ಎಷ್ಟು ಕಷ್ಟದ ಮಾತು ಎಂಬುದು ಗೊತ್ತು. ಆದರೆ ಅವಸರಕ್ಕೆ ಬಿಟ್ಟ ಕುದುರೆ ತಿಂಗಳುಗಟ್ಟಲೆ ಕೆಮ್ಮುತ್ತಾ ಉಳಿಯುತ್ತದೆ. ಜ್ವರ ನಾಲ್ಕು ದಿನ ಕಳೆದರೂ ಇಳಿಯದಿದ್ದರೆ, ಮೂಗಿನಿಂದ ದಪ್ಪ ಹಳದಿ ಲೋಳೆ ಬಂದರೆ, ದವಡೆ ಕೆಳಗೆ ಗಂಟು ಕಟ್ಟಿದರೆ ಕಾಯಬೇಡಿ, ವೈದ್ಯರನ್ನು ಕರೆಯಿರಿ. ದವಡೆ ಕೆಳಗಿನ ಗಂಟು ಕೀವಾಗುವುದು ಬೇರೆಯೇ ರೋಗದ ಲಕ್ಷಣ, ಅದು ಬ್ಯಾಕ್ಟೀರಿಯಾದ್ದು, ಫ್ಲೂ ಲಸಿಕೆಗೆ ಸಂಬಂಧಿಸಿದ್ದಲ್ಲ. ಜ್ವರವೇ ಇಲ್ಲದೆ ಹುಲ್ಲು ತಿನ್ನುವಾಗ ಮಾತ್ರ ಕೆಮ್ಮಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿದ ಹುಲ್ಲಿನ ಧೂಳನ್ನು ಅನುಮಾನಿಸಿ. ಹುಲ್ಲು ನೀರಲ್ಲಿ ನೆನೆಸಿ ಕೊಟ್ಟು ನೋಡಿ.

ಪ್ರಶ್ನೆ: ಕುಮಟಾ, ಹೊನ್ನಾವರ ಕಡೆ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತೇವೆ. ಲಸಿಕೆಯನ್ನು ಯಾವ ತಿಂಗಳಿಂದ ಶುರು ಮಾಡಿದರೆ ಒಳ್ಳೆಯದು?
(ಕುಮಟಾ)

ಉತ್ತರ: ಹೊಸದಾಗಿ ಆರಂಭಿಸುವ ಕುದುರೆಗೆ ಮೊದಲ ಡೋಸ್, ನಾಲ್ಕರಿಂದ ಆರು ವಾರ ಬಿಟ್ಟು ಎರಡನೆಯದು, ಅದಾಗಿ ಐದರಿಂದ ಆರು ತಿಂಗಳಿಗೆ ಮೂರನೆಯದು. ಆಮೇಲೆ ನಿಮ್ಮಂತೆ ಊರೂರು ತಿರುಗಿಸುವವರು ಆರು ತಿಂಗಳಿಗೊಮ್ಮೆ, ಲಾಯದಲ್ಲೇ ಇರುವ ಕುದುರೆಗೆ ವರ್ಷಕ್ಕೊಮ್ಮೆ. ತಯಾರಕರು ಡಬ್ಬಿಯೊಳಗಿನ ಚೀಟಿಯಲ್ಲಿ ಬೇರೆ ಅಂತರ ಹೇಳಿದ್ದರೆ ಅದನ್ನೇ ಪಾಲಿಸಿ.

ದಿನಾಂಕ ಇಟ್ಟು ಹೇಳುವುದಾದರೆ, ಆಗಸ್ಟ್ 1ಕ್ಕೆ ಮೊದಲನೆಯದು, ಸೆಪ್ಟೆಂಬರ್ 5ರ ಸುಮಾರಿಗೆ ಎರಡನೆಯದು, ಫೆಬ್ರುವರಿ ಮೊದಲ ವಾರದಲ್ಲಿ ಮೂರನೆಯದು. ಡೋಸ್ ಬಿದ್ದ ಸುಮಾರು ಎರಡು ವಾರಕ್ಕೆ ಪ್ರತಿಕಾಯ ತುದಿ ಮುಟ್ಟುತ್ತದೆ, ಅಲ್ಲಿಂದ ಇಳಿಯುತ್ತದೆ. ಎರಡನೇ ಡೋಸ್ ಆದ ಮೇಲಿನ ಇಳಿತ ಕಡಿದಾದದ್ದು. ಡಿಸೆಂಬರ್, ಜನವರಿಯಲ್ಲಿ ನಿಮ್ಮ ಹೊಸ ಕುದುರೆಯ ರಕ್ಷಣೆ ತೆಳುವಾಗಿರುತ್ತದೆ. ಮೂರನೇ ಡೋಸ್ ಯಾಕೆ ತಪ್ಪಿಸಬಾರದು ಎಂಬುದಕ್ಕೆ ಇದೇ ಕಾರಣ. ಮೂರನೆಯದಾದ ಮೇಲೆ ಪ್ರತಿಕಾಯ ಹೆಚ್ಚು ಏರುತ್ತದೆ, ಹೆಚ್ಚು ಕಾಲ ನಿಲ್ಲುತ್ತದೆ. ಡಿಸೆಂಬರ್, ಜನವರಿಯ ಆ ಎರಡು ತಿಂಗಳು ಜಾತ್ರೆ, ಸಂತೆಗಳಲ್ಲಿ ಬೇರೆ ಊರಿನ ಕುದುರೆಗಳ ಪಕ್ಕ ಕಟ್ಟಬೇಡಿ, ಅಲ್ಲಿನ ತೊಟ್ಟಿಯಲ್ಲಿ ನೀರು ಕುಡಿಸಬೇಡಿ.

ಒಂದು ಮದುವೆಗೆ ಮುಂಚಿನ ಏಳು ದಿನಗಳಲ್ಲಿ ಸೂಜಿ ಹಾಕಿಸಬೇಡಿ. ಚುಚ್ಚಿದ ಜಾಗ ಬಾತು ಕುತ್ತಿಗೆ ಬಿಗಿದಿರುವಾಗ ಬ್ಯಾಂಡು, ಪಟಾಕಿಯ ನಡುವೆ ಕುದುರೆ ಲಗಾಮಿಗೆ ಬಗ್ಗುವುದಿಲ್ಲ, ಮೇಲೆ ಕುಳಿತ ಮದುಮಗನಿಗೂ ಅಪಾಯ. ಬೂಸ್ಟರ್ (ಆಮೇಲಾಮೇಲೆ ಹಾಕಿಸುವ ಮರುಡೋಸ್) ವರ್ಷ ಮೀರಿ ತಡವಾದರೆ ಮತ್ತೆ ಎರಡು ಡೋಸ್‌ನಿಂದಲೇ ಆರಂಭಿಸುವುದು ಕ್ಷೇಮ.

ಪ್ರಶ್ನೆ: ನಮ್ಮ ಹೆಣ್ಣು ಕುದುರೆ ಗಬ್ಬವಾಗಿದೆ. ಮರಿಗೆ ಹುಟ್ಟಿದ ತಿಂಗಳಲ್ಲೇ ಲಸಿಕೆ ಹಾಕಿಸಬಹುದೇ?
(ಶಿರಸಿ)

ಉತ್ತರ: ಬೇಡ. ಮರಿಯ ಲಸಿಕೆಗೆ ಆರು ತಿಂಗಳಾಗಲಿ. ಈಗ ತಾಯಿಗೆ ಹಾಕಿಸಿ. ಹಿಂದೆ ಲಸಿಕೆ ಆಗಿರುವ ಕುದುರೆಗೆ ಈಯುವ ನಾಲ್ಕರಿಂದ ಆರು ವಾರ ಮೊದಲು ಒಂದು ಬೂಸ್ಟರ್ ಹಾಕಿಸಿದರೆ ಅದರ ಪ್ರತಿಕಾಯ ಗಿಣ್ಣಿನಲ್ಲಿ ಇಳಿಯುತ್ತದೆ. ಮನುಷ್ಯರಲ್ಲಿ ಹೊಟ್ಟೆಯೊಳಗೇ ತಾಯಿಯ ಪ್ರತಿಕಾಯ ಮಗುವಿಗೆ ಹೋಗುತ್ತದೆ. ಕುದುರೆಯ ಮಾಸು ಅದನ್ನು ದಾಟಿಸುವುದಿಲ್ಲ. ಮರಿ ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯ ಇಲ್ಲವೆನ್ನುವಷ್ಟು ಕಡಿಮೆ. ಗಿಣ್ಣೇ ಗತಿ.

ಗಿಣ್ಣಿನ ಪ್ರತಿಕಾಯವನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಮೊದಲ ಆರರಿಂದ ಹನ್ನೆರಡು ಗಂಟೆ ಚೆನ್ನಾಗಿರುತ್ತದೆ, 24 ಗಂಟೆಯ ಹೊತ್ತಿಗೆ ಮುಚ್ಚಿಹೋಗುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಎರಡನೆಯದು ತಪ್ಪಿದರೆ ಗಿಣ್ಣು ಕರೆದು ಬಾಟಲಿಯಲ್ಲಿ 250ರಿಂದ 300 ಮಿಲಿಲೀಟರಿನಂತೆ ಗಂಟೆ ಎರಡು ಗಂಟೆಗೊಮ್ಮೆ ಕೊಡಿ, ಮೊದಲ ಎಂಟು ಗಂಟೆಯಲ್ಲಿ ಒಂದರಿಂದ ಎರಡು ಲೀಟರ್ ಹೊಟ್ಟೆಗೆ ಹೋಗಬೇಕು. ಚೀಪಲು ಶಕ್ತಿಯಿಲ್ಲದ ಮರಿಗೆ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ವೈದ್ಯರು ನಳಿಕೆಯಿಂದ ಹೊಟ್ಟೆಗೆ ಇಳಿಸುತ್ತಾರೆ.

ಇಲ್ಲಿ ಹೆಚ್ಚಾಗಿ ಕೆಡುವುದು ಎರಡು ಕಡೆ. ಕೆಲವು ಕುದುರೆಗಳಿಗೆ ಈಯುವ ಒಂದೆರಡು ದಿನ ಮೊದಲೇ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕುತ್ತದೆ. ‘ಹಾಲು ಚೆನ್ನಾಗಿದೆ’ ಎಂದು ಮನೆಯವರು ಸಂತೋಷಪಡುತ್ತಾರೆ, ಆದರೆ ನೆಲಕ್ಕೆ ಬಿದ್ದುಹೋಗುತ್ತಿರುವುದು ಗಿಣ್ಣು. ಹಾಗೆ ಕಂಡರೆ ಅದನ್ನು ಶುದ್ಧ ಬಾಟಲಿಗೆ ಹಿಡಿದು ಫ್ರೀಜರಿನಲ್ಲಿಡಿ. ಕೊಡುವಾಗ ಬಾಟಲಿಯನ್ನು ಕೈಗೆ ಹಿತವೆನಿಸುವ ಬಿಸಿನೀರಿನಲ್ಲಿಟ್ಟು ಕರಗಿಸಬೇಕು. ಒಲೆಯ ಮೇಲಿಡುವುದೇ ಬೇಡ. ದನದ ಗಿಣ್ಣು ಕಾಯಿಸಿದಾಗ ಗಟ್ಟಿಯಾಗುವುದನ್ನು ಎಲ್ಲರೂ ನೋಡಿದ್ದೇವೆ, ಹಾಗೆ ಗಟ್ಟಿಯಾಗುವ ಪ್ರೋಟೀನುಗಳಲ್ಲಿ ಪ್ರತಿಕಾಯವೂ ಸೇರಿದೆ. ಕಾಯಿಸಿದ ಗಿಣ್ಣಿನಲ್ಲಿ ಮರಿಗೆ ರಕ್ಷಣೆ ಉಳಿದಿರುವುದಿಲ್ಲ.

ಸಾಧ್ಯವಿದ್ದರೆ 18ರಿಂದ 24 ಗಂಟೆಯ ನಡುವೆ ಮರಿಯ ರಕ್ತದ ಐಜಿಜಿ (ಗಿಣ್ಣಿನಿಂದ ಬರುವ ಮುಖ್ಯ ಪ್ರತಿಕಾಯ) ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 800 ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ಚಿಂತೆಯಿಲ್ಲ. 400ಕ್ಕಿಂತ ಕಡಿಮೆ ಬಂದರೆ ಆಗ ಗಿಣ್ಣು ಕುಡಿಸಿ ಪ್ರಯೋಜನವಿಲ್ಲ, ಬೇರೆ ಕುದುರೆಯ ಪ್ಲಾಸ್ಮಾವನ್ನು (ರಕ್ತಕಣ ತೆಗೆದ ರಕ್ತದ್ರವ) ರಕ್ತನಾಳಕ್ಕೆ ಕೊಡಬೇಕಾಗುತ್ತದೆ.

ತಾಯಿಯಿಂದ ಬಂದ ಈ ಪ್ರತಿಕಾಯ ತಿಂಗಳು ತಿಂಗಳಿಗೆ ಕರಗುತ್ತ ಹೋಗುತ್ತದೆ. ಅದು ಇರುವಷ್ಟು ದಿನ ಲಸಿಕೆಯ ವೈರಸ್ಸನ್ನೂ ಮುಚ್ಚಿಹಾಕುತ್ತದೆ, ಮರಿಯ ದೇಹಕ್ಕೆ ಅದರ ಗುರುತೇ ಸಿಗುವುದಿಲ್ಲ. ತುಂಬ ಬೇಗ ಲಸಿಕೆ ಹಾಕಿಸಿಕೊಂಡ ಮರಿಗಳು ಮುಂದಿನ ಡೋಸ್‌ಗಳಿಗೂ ಮಂದವಾಗಿ ಸ್ಪಂದಿಸಿದ್ದು ಕಂಡುಬಂದಿದೆ. ಆರು ತಿಂಗಳು ಎನ್ನುವುದು ಅದಕ್ಕೆ.

ಪ್ರಶ್ನೆ: ದನಗಳಿಗೆ ಕಾಲುಬಾಯಿ ಲಸಿಕೆ ಹಾಕಲು ಮನೆಗೆ ಬಂದಾಗ ಕುದುರೆಗೂ ಒಂದು ಹಾಕಿಸಿದರೆ ಆಗದೇ?
(ಜೊಯಿಡಾ)

ಉತ್ತರ: ಉಪಯೋಗವಿಲ್ಲ. ಕಾಲುಬಾಯಿ ರೋಗ ಗೊರಸು ಸೀಳಿರುವ ದನ, ಎಮ್ಮೆ, ಆಡು, ಕುರಿ, ಹಂದಿಗಳದ್ದು. ಒಂಟಿ ಗೊರಸಿನ ಕುದುರೆ, ಕತ್ತೆಗೆ ಬರುವುದಿಲ್ಲ. ಆ ಲಸಿಕೆಯ ಪ್ರತಿಕಾಯ ಫ್ಲೂ ವೈರಸ್ಸನ್ನು ಹಿಡಿಯುವುದೂ ಇಲ್ಲ. ಕುದುರೆ ಲಸಿಕೆ ಕಾಲುಬಾಯಿಯದರಂತೆ ಮನೆಬಾಗಿಲಿಗೆ ಬರುವಂಥದ್ದಲ್ಲ, ವೈದ್ಯರಿಗೆ ಮೊದಲೇ ಹೇಳಿ ತರಿಸಬೇಕು.

ಪ್ರಶ್ನೆ: ಹುಬ್ಬಳ್ಳಿಯಿಂದ ಲಸಿಕೆ ತರುತ್ತೇವೆ. ಘಟ್ಟ ಇಳಿದು ಬರುವಷ್ಟರಲ್ಲಿ ಐಸು ಕರಗಿರುತ್ತದೆ. ಮನೆಯ ಫ್ರಿಜ್‌ನಲ್ಲಿಟ್ಟರೆ ಕರೆಂಟು ಹೋಗುತ್ತದೆ. ಲಸಿಕೆ ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ?
(ಅಂಕೋಲಾ)

ಉತ್ತರ: ಬಿಸಿಯ ಭಯ ಎಲ್ಲರಿಗೂ ಇದೆ. ಆದರೆ ಈ ಲಸಿಕೆ ಹೆಪ್ಪುಗಟ್ಟಿಯೂ ಕೆಡುತ್ತದೆ, ಅದು ಸುಮ್ಮನೆ ನೋಡಿದರೆ ಗೊತ್ತಾಗುವುದಿಲ್ಲ. ಇಡಬೇಕಾದ್ದು 2ರಿಂದ 8 ಡಿಗ್ರಿಯ ನಡುವೆ. ಅಲ್ಯೂಮಿನಿಯಂ ಲವಣ ಬೆರೆತ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಅದರ ಕಣಗಳು ಒಟ್ಟುಗೂಡಿ ಗಂಟಾಗುತ್ತವೆ, ಕರಗಿದ ಮೇಲೂ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಅನುಮಾನವಿದ್ದರೆ ಬಾಟಲಿಯನ್ನು ಚೆನ್ನಾಗಿ ಕುಲುಕಿ ಮೇಜಿನ ಮೇಲಿಡಿ. ಒಳ್ಳೆಯ ಲಸಿಕೆ ಬಹಳ ಹೊತ್ತು ಒಂದೇ ಸಮ ಬೆಳ್ಳಗೆ ಮಸುಕಾಗಿರುತ್ತದೆ. ಹೆಪ್ಪುಗಟ್ಟಿದ್ದರಲ್ಲಿ ಚೂರುಗಳು ತೇಲಿ ಬೇಗನೆ ತಳ ಸೇರುತ್ತವೆ, ಮೇಲೆ ತಿಳಿನೀರು ನಿಲ್ಲುತ್ತದೆ. ಅಂಥದ್ದನ್ನು ಬಳಸಬೇಡಿ. ಬಿಸಿಯಿಂದ ಕೆಟ್ಟ ಲಸಿಕೆಗೆ ಇಂಥ ಗುರುತೇನೂ ಇಲ್ಲ, ನೋಡಲು ಒಳ್ಳೆಯದರಂತೆಯೇ ಇರುತ್ತದೆ. ಹಾಗಾಗಿ ದಾರಿಯಲ್ಲಿ ಜೋಪಾನ ಮಾಡುವುದೊಂದೇ ಉಪಾಯ.

ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಪ್ರಯಾಣಕ್ಕೆ ಗಟ್ಟಿ ಮುಚ್ಚಳದ ಥರ್ಮಾಕೋಲ್ ಡಬ್ಬಿ, ನಾಲ್ಕು ಐಸ್ ಪ್ಯಾಕ್ ಸಾಕು. ಪ್ಯಾಕನ್ನು ಫ್ರೀಜರಿನಿಂದ ತೆಗೆದು ನೇರ ಡಬ್ಬಿಗೆ ಹಾಕಬೇಡಿ. ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರು ಸ್ವಲ್ಪ ಕುಲುಕುವ ಸದ್ದು ಬಂದ ಮೇಲೆ ಬದಿಗಳಲ್ಲಿ ಇಡಿ. ಲಸಿಕೆಯ ಬಾಟಲಿಗೆ ಕಾಗದ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಡುವೆ ಇಡಿ, ಪ್ಯಾಕಿಗೆ ತಾಗದಿರಲಿ. ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿಡದೆ ಸೀಟಿನ ಕೆಳಗೆ ಇಡಿ, ದಾರಿಯಲ್ಲಿ ತೆರೆದು ನೋಡಬೇಡಿ. ಮನೆಯ ಫ್ರಿಜ್‌ನಲ್ಲಿ ನಡುವಿನ ಹಲಗೆ ಸರಿ. ಬಾಗಿಲಿನ ಗೂಡು ಬಿಸಿ, ಫ್ರೀಜರಿನ ಕೆಳಗಿನ ಜಾಗ ಅತಿ ತಂಪು. ಕೆಳಗಿನ ತರಕಾರಿ ಡಬ್ಬಿಯಲ್ಲಿ ನೀರು ತುಂಬಿದ ಬಾಟಲಿಗಳನ್ನು ಇಟ್ಟರೆ ಕರೆಂಟು ಹೋದಾಗ ತಂಪು ಕೆಲ ಗಂಟೆ ಹೆಚ್ಚು ನಿಲ್ಲುತ್ತದೆ. ಒಂದು ಸಾದಾ ಥರ್ಮಾಮೀಟರ್ ಒಳಗಿಟ್ಟು ಬೆಳಿಗ್ಗೆ ಸಂಜೆ ನೋಡಿ. ಇದೆಲ್ಲಕ್ಕಿಂತ ಒಳ್ಳೆಯದು, ವೈದ್ಯರು ಬರುವ ದಿನವೇ ಲಸಿಕೆ ತರುವುದು.

ಚುಚ್ಚುವ ಕೆಲಸ ವೈದ್ಯರದ್ದೇ. ಮೈಗೆ ಒಗ್ಗದೆ ಕುದುರೆ ಕುಸಿದರೆ ಅಡ್ರಿನಲಿನ್ ಅವರ ಕೈಯಲ್ಲಿರುತ್ತದೆ. ನೀವು ನೋಡಿಕೊಳ್ಳಬೇಕಾದ್ದು ಇಷ್ಟು. ಜಾಗ ಕುತ್ತಿಗೆಯ ಪಕ್ಕದ ತ್ರಿಕೋನ: ಮೇಲೆ ಜೂಲಿನ ಕೆಳಗಿನ ದಪ್ಪ ನಾರು, ಕೆಳಗೆ ಕತ್ತಿನ ಮೂಳೆ, ಹಿಂದೆ ಹೆಗಲ ಹಲಗೆ. ಹಿಂಭಾಗದ ಪಿರ್ರೆಗೆ ಹಾಕಿಸಬೇಡಿ, ಅಲ್ಲಿ ಕೀವಾದರೆ ಹೊರಬರಲು ದಾರಿಯಿಲ್ಲ. ಪ್ರತಿ ಕುದುರೆಗೂ ಹೊಸ ಸೂಜಿ, ಹೊಸ ಸಿರಿಂಜ್. ಒಂದೇ ಸೂಜಿ ಎಲ್ಲಕ್ಕೂ ಎಂದರೆ ಒಪ್ಪಲೇಬೇಡಿ. ಫ್ಲೂ ತಡೆಯಲು ಹೋಗಿ ರಕ್ತದಿಂದ ಹರಡುವ ಸಾಂಕ್ರಾಮಿಕ ರಕ್ತಹೀನತೆಯನ್ನು ಲಾಯಕ್ಕೆಲ್ಲ ಹಂಚಿದ ಹಾಗಾಗುತ್ತದೆ. ಆಮೇಲೆ ಎರಡು ದಿನ ಕೆಲಸ ಬೇಡ. ಕೈಯಗಲದ ಬಾವು ಒಂದೆರಡು ದಿನದಲ್ಲಿ ಇಳಿಯುತ್ತದೆ.

ಪ್ರಶ್ನೆ: ಸುಮ್ಮನೆ ಲಸಿಕೆ ಹಾಕಿಸುವ ಬದಲು ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂದು ನೋಡಿ, ಕಡಿಮೆಯಿದ್ದರೆ ಮಾತ್ರ ಹಾಕಿಸಬಹುದಲ್ಲ?
(ಕಾರವಾರ)

ಉತ್ತರ: ವಿಚಾರ ಸರಿಯಾದದ್ದೇ. ಆದರೆ ನಾಲ್ಕೈದು ಕುದುರೆ ಇರುವವರಿಗೆ ಮಾದರಿ ಕಳಿಸಿ ಫಲಿತಾಂಶ ಬರುವಷ್ಟರಲ್ಲಿ ಬೂಸ್ಟರ್ ದಿನ ದಾಟಿರುತ್ತದೆ. ಪರೀಕ್ಷೆಯಲ್ಲಿ ಬಳಸಿದ ವೈರಸ್ ಈಗ ಓಡಾಡುತ್ತಿರುವ ತಳಿಯೇ ಆಗಿರದಿದ್ದರೆ ಅಂಕಿ ದೊಡ್ಡದಿದ್ದೂ ಮೋಸ ಹೋಗಬಹುದು.

ಇನ್ನೊಂದು ತೊಡಕು, ಪ್ರತಿಕಾಯ ಲಸಿಕೆಯದೋ ರೋಗದ್ದೋ ಎಂದು ಸಾಮಾನ್ಯ ಪರೀಕ್ಷೆ ಹೇಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2007ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಕುದುರೆ ಫ್ಲೂ ಹಬ್ಬಿದಾಗ ಇದನ್ನು ಜಾಣತನದಿಂದ ಬಿಡಿಸಿದರು. ಅವರು ಬಳಸಿದ ಲಸಿಕೆಯಲ್ಲಿ ಕ್ಯಾನರಿ ಹಕ್ಕಿಯ ಸಿಡುಬಿನ ವೈರಸ್ಸಿಗೆ ಫ್ಲೂವಿನ ಹಿಮಾಗ್ಲುಟಿನಿನ್ ಜೀನ್ ಮಾತ್ರ ಸೇರಿಸಿತ್ತು. ಲಸಿಕೆ ಆದ ಕುದುರೆಯಲ್ಲಿ ಮುಳ್ಳಿನ ವಿರುದ್ಧ ಮಾತ್ರ ಪ್ರತಿಕಾಯ. ವೈರಸ್ಸಿನ ಒಳಗಿನ ನ್ಯೂಕ್ಲಿಯೋಪ್ರೋಟೀನಿನ ವಿರುದ್ಧವೂ ಪ್ರತಿಕಾಯ ಸಿಕ್ಕಿದರೆ ಆ ಕುದುರೆಗೆ ನಿಜವಾದ ಸೋಂಕು ತಗಲಿದೆ ಎಂದರ್ಥ. ಓಡಾಟದ ನಿರ್ಬಂಧ ಮತ್ತು ಈ ಲಸಿಕೆ ಎರಡನ್ನೂ ಸೇರಿಸಿ ಆ ವರ್ಷದ ಕೊನೆಯೊಳಗೇ ರೋಗವನ್ನು ನಿಲ್ಲಿಸಿದರು. ನಿಮ್ಮ ಹಂತದಲ್ಲಿ ರಕ್ತಪರೀಕ್ಷೆಯ ದುಡ್ಡನ್ನು ಬೂಸ್ಟರಿಗೇ ಹಾಕುವುದು ಲೇಸು.

ಪ್ರಶ್ನೆ: ಫ್ಲೂ ಲಸಿಕೆ ಆದ ಕುದುರೆ ಎಂಟನೇ ತಿಂಗಳಲ್ಲಿ ಕಂದು ಹಾಕಿತು. ಕೊಟ್ಟಿಗೆಯಲ್ಲಿ ಇನ್ನೊಂದು ಗಬ್ಬದ ಕುದುರೆ ಇದೆ.
(ಯಲ್ಲಾಪುರ)

ಉತ್ತರ: ಆ ವಯಸ್ಸಿನಲ್ಲಿ ಗರ್ಭ ಹೋದರೆ ಕುದುರೆ ಹರ್ಪಿಸ್ ವೈರಸ್ 1ನ್ನು ಮೊದಲು ಅನುಮಾನಿಸಬೇಕು. ಫ್ಲೂ ಲಸಿಕೆ ಅದಕ್ಕೆ ತಾಗುವುದಿಲ್ಲ. ಇನ್ನೊಂದನ್ನು ಒಡನೆ ದೂರ ಕಟ್ಟಿ. ಸತ್ತ ಮರಿ, ಮಾಸು ಮುಟ್ಟುವಾಗ ಕೈಗವಸು ಹಾಕಿ, ವೈದ್ಯರು ಮಾದರಿ ತೆಗೆದ ಮೇಲೆ ಸುಣ್ಣ ಹಾಕಿ ಆಳವಾಗಿ ಹೂಳಿ. ನಾಯಿ ಎಳೆದಾಡದಂತೆ ನೋಡಿಕೊಳ್ಳಿ.

ಹರ್ಪಿಸ್‌ಗೆ ನಿಷ್ಕ್ರಿಯ ಲಸಿಕೆ ಇದೆ, ಗಬ್ಬದ ಐದು, ಏಳು, ಒಂಬತ್ತನೇ ತಿಂಗಳಲ್ಲಿ ಕೊಡುತ್ತಾರೆ. ಅದರಿಂದ ಪೂರ್ತಿ ಭರವಸೆ ಸಿಗದು. ಈ ವೈರಸ್ ರಕ್ತದ ಬಿಳಿಕಣಗಳೊಳಗೆ ಅಡಗಿ ಗರ್ಭಕೋಶ ತಲುಪುತ್ತದೆ, ನರಗಳಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ರಕ್ತದಲ್ಲಿ ತೇಲುವ ಪ್ರತಿಕಾಯಕ್ಕೆ ಜೀವಕೋಶದ ಒಳಗೆ ಕೈ ಹಾಕಲು ಬರುವುದಿಲ್ಲ. ಸಾಂಕ್ರಾಮಿಕ ರಕ್ತಹೀನತೆಯದು ಇನ್ನೂ ಕಷ್ಟದ ಸ್ಥಿತಿ. ಅಲ್ಲಿ ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಸಿಕ್ಕಿತು ಎಂದರೆ ಕುದುರೆ ಬದುಕಿರುವವರೆಗೂ ವೈರಸ್ ಹೊತ್ತಿರುತ್ತದೆ ಎಂದೇ ಅರ್ಥ. ಹೊಸ ಕುದುರೆ ಕೊಳ್ಳುವ ಮೊದಲು ಆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಬೀಚಿನಲ್ಲಿ ಬೀದಿನಾಯಿ ನನ್ನ ಕೈಗೂ ಕುದುರೆಯ ಕಾಲಿಗೂ ಕಚ್ಚಿತು. ಆಸ್ಪತ್ರೆಯಲ್ಲಿ ನನಗೆ ಗಾಯದ ಸುತ್ತ ಕುದುರೆ ಸೀರಂ ಚುಚ್ಚಿದರು. ಲಸಿಕೆ ಕೊಟ್ಟ ಮೇಲೆ ಅದೂ ಬೇಕಿತ್ತೇ?
(ಗೋಕರ್ಣ)

ಉತ್ತರ: ಬೇಕಿತ್ತು, ಸರಿಯಾಗಿಯೇ ಮಾಡಿದ್ದಾರೆ. ರೇಬಿಸ್ ಲಸಿಕೆಯಿಂದ ನಿಮ್ಮ ದೇಹ ಸ್ವಂತ ಪ್ರತಿಕಾಯ ಮಾಡಿಕೊಳ್ಳಲು ಏಳರಿಂದ ಹದಿನಾಲ್ಕು ದಿನ ಬೇಕು. ಚರ್ಮ ಹರಿದು ರಕ್ತ ಬಂದ ಗಾಯದಲ್ಲಿ ಅಷ್ಟು ದಿನ ಕಾಯುವಂತಿಲ್ಲ. ಅದಕ್ಕೆ ರೇಬಿಸ್ ಲಸಿಕೆ ಹಾಕಿದ ಕುದುರೆಗಳ ರಕ್ತದಿಂದ ತೆಗೆದು ಶುದ್ಧ ಮಾಡಿದ ಸಿದ್ಧ ಪ್ರತಿಕಾಯವನ್ನು ಗಾಯದೊಳಗೇ ತುಂಬುತ್ತಾರೆ. ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 40 ಅಂತರರಾಷ್ಟ್ರೀಯ ಯೂನಿಟ್, ಅಂದರೆ 60 ಕಿಲೋ ತೂಗುವವರಿಗೆ ಗರಿಷ್ಠ 2400. ಲಸಿಕೆಯ ಮೊದಲ ಡೋಸ್ ಆಗಿ ಏಳು ದಿನ ದಾಟಿದರೆ ಸೀರಂ ಕೊಡುವುದಿಲ್ಲ, ಅಷ್ಟರಲ್ಲಿ ನಿಮ್ಮದೇ ಪ್ರತಿಕಾಯ ಏರಲು ಶುರುವಾಗಿರುತ್ತದೆ. ಎರವಲು ಪ್ರತಿಕಾಯ ಕೆಲವೇ ವಾರದಲ್ಲಿ ಕರಗಿಹೋಗುತ್ತದೆ, ಆದ್ದರಿಂದ ಉಳಿದ ಲಸಿಕೆ ಡೋಸ್‌ಗಳನ್ನು ತಪ್ಪಿಸಬೇಡಿ. ಒಂದೆರಡು ವಾರದಲ್ಲಿ ಮೈಮೇಲೆ ದದ್ದು, ಕೀಲುನೋವು, ಜ್ವರ ಬಂದರೆ ಕುದುರೆ ಪ್ರೋಟೀನಿಗೆ ಮೈ ತೋರಿದ ಪ್ರತಿಕ್ರಿಯೆ ಇರಬಹುದು, ವೈದ್ಯರಿಗೆ ತೋರಿಸಿ.

ಕುದುರೆಯ ಗಾಯವನ್ನೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ತೊಳೆಯುವವರು ಕೈಗವಸು ಹಾಕಿರಲಿ. ತಡಮಾಡದೆ ಪಶುವೈದ್ಯರ ಬಳಿ ಅದಕ್ಕೂ ಲಸಿಕೆಯ ಸರಣಿ ಆರಂಭಿಸಿ. ನಾಯಿಗಳ ನಡುವೆ ಓಡಾಡುವ ಬೀಚಿನ ಕುದುರೆಗೆ ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಮುಂಚಿತವಾಗಿಯೇ ಹಾಕಿಸುವುದು ಫ್ಲೂವಿನಷ್ಟೇ ಅಗತ್ಯ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಕುದುರೆ ಫ್ಲೂ ಮನೆಯವರಿಗೂ ತಗಲುತ್ತದೆಯೇ? ಮಕ್ಕಳು ಲಾಯಕ್ಕೆ ಹೋಗುತ್ತಾರೆ.
(ಭಟ್ಕಳ)

ಉತ್ತರ: ಈ ವೈರಸ್ ಮನುಷ್ಯರಲ್ಲಿ ರೋಗ ತರುವಂಥದ್ದಲ್ಲ. ನಾಯಿಗಳಿಗೆ ದಾಟಿದ್ದಿದೆ, 2004ರಲ್ಲಿ ಅಮೆರಿಕದ ಫ್ಲೋರಿಡಾದ ರೇಸ್ ನಾಯಿಗಳಲ್ಲಿ ಕಂಡಿತ್ತು. ನಿಮ್ಮ ಮಕ್ಕಳಿಗೆ ಕುದುರೆಯಿಂದ ತೊಂದರೆಯಿಲ್ಲ. ಆದರೆ ಅವರ ಕೈ, ಬಟ್ಟೆಗೆ ಅಂಟಿದ ಲೋಳೆಯಿಂದ ಪಕ್ಕದ ಲಾಯದ ಕುದುರೆಗೆ ರೋಗ ಹೋಗಬಹುದು. ರೋಗದ ಕುದುರೆ ಮುಟ್ಟಿದವರು ಸೋಪಿನಿಂದ ಕೈ ತೊಳೆದು, ಅಂಗಿ ಬದಲಿಸಿಯೇ ಬೇರೆ ಕುದುರೆಯ ಹತ್ತಿರ ಹೋಗಲಿ.